ಎಡಗೈ ಬಿಟ್ಟ ಜಾಗ

ಚಿಂತಾಮಣಿ
೧೧ ಸೆಪ್ಟೆಂಬರ್ ೨೦೨೫, ಗುರುವಾರ

ಚಿರಂಜೀವಿ ಜಗನ್‌ಗೆ,

ಬಾಬಣ್ಣ ಮಾಡುವ ಆಶೀರ್ವಾದ. ಇಲ್ಲಿ ನಾನು, ಶ್ಯಾಮಲ, ಯಾಮಿನಿ ಎಲ್ಲರೂ ಚೆನ್ನಾಗಿದ್ದೇವೆ. ನೀನು ಚೆನ್ನಾಗಿರುವುದು ದಿನಾ ಫೋನಿನಲ್ಲಿ ಕಾಣುತ್ತಲೇ ಇದೆ, ಬೇರೆ ಕೇಳುವ ಅಗತ್ಯವಿಲ್ಲ.

ನಿನ್ನ ಮೆಸೇಜು ಬಂದು ಬಹಳ ದಿನವಾಯಿತು. ಉತ್ತರ ಕೊಡದೆ ಕೂತದ್ದಕ್ಕೆ ಕ್ಷಮೆ ಕೇಳಬೇಕು, ಕೇಳಿದ್ದೇನೆ ಅಂದುಕೋ. ಗಣೇಶನ ಸೀಸನ್ನು, ಕೈಗೆ ಬಿಡುವಿರಲಿಲ್ಲ ಅಂತ ಬರೆಯೋಣ ಅಂದುಕೊಂಡಿದ್ದೆ. ಆದರೆ ಈ ಸಲ ನಮ್ಮ ಆರ್ಕೆಸ್ಟ್ರಾಗೆ ಸಿಕ್ಕಿದ್ದು ಮುರುಗಮಲ್ಲದ ಹತ್ತಿರ ಒಂದೇ ಒಂದು ಪ್ರೋಗ್ರಾಂ. ಮಿಕ್ಕ ಕಡೆಯೆಲ್ಲ ಡೀಜೆ. ನಿಮ್ಮಮ್ಮ ಹೇಗೂ ನಿನಗೆ ಹೇಳಿರುತ್ತಾರೆ, ಸುಳ್ಳು ನಿಲ್ಲುವುದಿಲ್ಲ. ಸಿಟ್ಟಿತ್ತು, ಅದಕ್ಕೆ ಬರೆಯಲಿಲ್ಲ.

ಈ ಕಾಲದಲ್ಲಿ ಕಾಗದ ಯಾಕೆ ಅಂತ ನಗಬೇಡ. ಮೊದಲು ಫೋನೇ ಮಾಡಿದ್ದೆ. ಒಬ್ಬ ಹುಡುಗಿ ಎತ್ತಿದಳು. "ಸರ್ ಸೆಷನ್‌ನಲ್ಲಿದ್ದಾರೆ, ಯಾರು ಅಂತ ಹೇಳ್ಲಿ?" ಅಂದಳು. "ಬಾಬಣ್ಣ ಅಂತ ಹೇಳಮ್ಮ" ಅಂದೆ. "ಬಾಬಣ್ಣ ಫ್ರಮ್?" ಅಂದಳು. ಫ್ರಮ್ ಅಂತೆ. ಫೋನಿಟ್ಟೆ. ವಾಟ್ಸಾಪಿನಲ್ಲಿ ಬರೆದರೆ ಯಾಮಿನಿ ನನ್ನ ಫೋನ್ ತೆಗೆದು ನೋಡುತ್ತಾಳೆ. ಪೋಸ್ಟಾಫೀಸು ಇನ್ನೂ ಬಾಗಿಲು ಹಾಕಿಲ್ಲವಲ್ಲ, ಅದಕ್ಕೇ ಇದು.

ನಿನ್ನ ಮೆಸೇಜನ್ನು ಎಷ್ಟು ಸಲ ಓದಿದೆನೋ. "ಬಾಬಣ್ಣ, ಯಾಮಿನೀನ ಎರಡು ವರ್ಷ ನನಗೆ ಕೊಟ್ಬಿಡು. ನನ್ನ ಮ್ಯೂಸಿಕ್ ಸ್ಕೂಲ್ ಹಾಸ್ಟೆಲಲ್ಲೇ ಇರ್ಲಿ. ನಾನು ಅವಳನ್ನ ರೆಡಿ ಮಾಡ್ತೀನಿ. ವಿಜಯದಶಮಿಗೆ ಬ್ಯಾಚ್ ಶುರು, ಬೇಗ ಹೇಳು." ಅಲ್ಲಪ್ಪ, ಕೊಟ್ಟುಬಿಡುವುದಕ್ಕೆ ಅವಳೇನು ಆಂಪ್ಲಿಫೈಯರಾ, ಒಂದು ಪ್ರೋಗ್ರಾಮಿಗೆ ಒಯ್ದು ಆಮೇಲೆ ವಾಪಸ್ ತಂದಿಡುವುದಕ್ಕೆ? ಮತ್ತೆ ಆ 'ರೆಡಿ ಮಾಡ್ತೀನಿ' ಅನ್ನುವ ಮಾತು. ನನ್ನ ಮಗಳ ಕಾಲು ನೆಲಕ್ಕೆ ಎಟುಕದ ವಯಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಕೀಬೋರ್ಡಿನ ಮೇಲೆ ಸರಿಗಮ ಹಿಡಿಸಿದವನು ನಾನು. ಹಾಗಾದರೆ ನಾನು ಇಷ್ಟು ವರ್ಷ ಮಾಡಿದ್ದೇನು, ತರಕಾರಿ ಹೆಚ್ಚಿದ್ದಾ?

ಚಿಕ್ಕಬಳ್ಳಾಪುರದ ಕಾಲೇಜಿಗೆ ನೀನು ಪಾಠ ಹೇಳಲು ಬಂದಿದ್ದೆಯಲ್ಲ, ಅವತ್ತು ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ಕರೆತಂದವನು ನಾನೇ. ನಮ್ಮ ಹುಡುಗ ಎಷ್ಟು ದೊಡ್ಡವನಾಗಿದ್ದಾನೆ ನೋಡಲಿ ಅಂತ ಹೆಮ್ಮೆಯಿಂದ ಕರೆತಂದೆ. ನೀನು ನಿನ್ನ ಹಳೆಯ ಬೇಸ್ ಗಿಟಾರನ್ನು ಅವಳ ಕೈಗೆ ಕೊಟ್ಟು, "ಇಟ್ಕೊ ಪುಟ್ಟ, ನುಡಿಸ್ತಾ ಇರು" ಅಂದೆ. ಅಷ್ಟೇ. ಮನೆಗೆ ಬಂದ ಮೇಲೆ ಕೀಬೋರ್ಡಿನ ಮೇಲೆ ಹೊದೆಸಿದ ಬಟ್ಟೆಯನ್ನು ಅವಳು ಮತ್ತೆ ತೆಗೆದದ್ದಿಲ್ಲ. ಶನಿವಾರ ಬಂತೆಂದರೆ ಗಿಟಾರ್ ಬೆನ್ನಿಗೆ ಹಾಕಿಕೊಂಡು ನಿನ್ನ ಕ್ಲಾಸಿಗೆ ಅಂತ ಬೆಂಗಳೂರು ಬಸ್ಸು ಹತ್ತುತ್ತಾಳೆ. ವಾರವೆಲ್ಲ ಮನೆಯಲ್ಲಿ ನಿನ್ನದೇ ಭಜನೆ. ಜಗನ್ ಸಾರ್ ಹೀಗೆ ಕೂರುತ್ತಾರೆ, ಜಗನ್ ಸಾರ್ ಬೆಳಿಗ್ಗೆ ಎದ್ದು ಮೊದಲು ತಂಬೂರಿ ಶ್ರುತಿ ಕೇಳುತ್ತಾರೆ. ಮೊನ್ನೆ ಶ್ಯಾಮಲ ಮುದ್ದೆ ಬಡಿಸಿದರೆ, "ಬೇಡಮ್ಮ, ಜಗನ್ ಸಾರ್ ನೈಟ್ ಹೆವಿಯಾಗಿ ತಿನ್ನಲ್ಲ" ಅಂದಳು. ನನಗೆ ನಗು ತಡೆಯಲಾಗಲಿಲ್ಲ. ಗೌರಿಬಿದನೂರಿನ ಛತ್ರದಲ್ಲಿ ನೀನು ಮುದ್ದೆ ನುಂಗಿದ ಸ್ಪೀಡಿಗೆ ಬಡಿಸುವವನು ಪಾತ್ರೆ ಕೆಳಗಿಟ್ಟು ನಿನ್ನ ಮುಖ ನೋಡಿದ್ದ, ಮರೆತೆಯಾ? ಅದನ್ನು ಹೇಳಿದೆ. ಅವಳಿಗೆ ನಗು ಬರಲಿಲ್ಲ. "ಅಪ್ಪ, ನೀವು ಅವರನ್ನ ಇನ್ನೂ ಆರ್ಕೆಸ್ಟ್ರಾ ಜಗ್ಗ ಅಂತಲೇ ಅನ್ಕೊಂಡಿದೀರ" ಅಂದಳು.

ಹೌದು, ಹಾಗೇ ಅಂದುಕೊಂಡಿದ್ದೇನೆ. ಬೇರೆ ಹೇಗೆ ಅಂದುಕೊಳ್ಳಲಿ?

ನಿನಗೆ ನೆನಪಿರಬೇಕು, ಆದರೂ ಬರೆಯುತ್ತೇನೆ, ಬರೆದರೆ ನನಗೆ ಸಮಾಧಾನ. ಆವುಲಪ್ಪನ ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸಲು ಅಂತ ಬೇರೆ ಆಳಿರಲಿಲ್ಲ. ಯಾವ ಊರಿನ ಆರ್ಕೆಸ್ಟ್ರಾದಲ್ಲೂ ಇರಲಿಲ್ಲ. ಕೀಬೋರ್ಡಿನವನ ಬಲಗೈ ಹಾಡು ನುಡಿಸಬೇಕು, ಎಡಗೈ ಬೇಸ್ ನುಡಿಸಬೇಕು, ಅದರ ಜೊತೆಗೆ ಚರಣ ಮುಗಿದು ಪಲ್ಲವಿಗೆ ಬರುವಾಗ ಅದೇ ಎಡಗೈ ಮೇಲೆ ಹೋಗಿ ರಿದಮ್ಮಿನ ಬಟನ್ ಒತ್ತಬೇಕು. ಕೈ ಬಟನ್ನಿಗೆ ಹೋದಾಗ ಬೇಸ್ ಇರುತ್ತಿರಲಿಲ್ಲ. ಒಂದು ಉಸಿರಿನಷ್ಟು ಖಾಲಿ. ಆಮೇಲೆ ಕೈ ಓಡಿಬಂದು ಪಲ್ಲವಿಯ ಮೊದಲ ಸ್ವರದ ಮೇಲೆ ಸ್ವಲ್ಪ ತಡವಾಗಿ ದಬ್ ಅಂತ ಬೀಳುತ್ತಿತ್ತು. ಕುಣಿಯುವ ಮದುವೆ ಹುಡುಗರಿಗೆ ಅದೆಲ್ಲ ಎಲ್ಲಿ ಗೊತ್ತಾಗಬೇಕು.

ನೀನಿನ್ನೂ ಬಂದಿರದ ಕಾಲ, ಒಂದು ಸಲ ಗೌರಿಬಿದನೂರಿನಲ್ಲಿ ಟೆಂಪೋದಿಂದ ಇಳಿಯುವಾಗ ಜಾರಿದೆ. ಕೀಬೋರ್ಡ್ ಕೈಯಲ್ಲಿತ್ತು, ಸಾಲ ಮಾಡಿ ತಂದ ಕೀಬೋರ್ಡು. ಅದನ್ನು ಎದೆಗೆ ಅವುಚಿಕೊಂಡು ಎಡಗೈಯನ್ನು ನೆಲಕ್ಕೆ ಕೊಟ್ಟೆ. ಕೀಬೋರ್ಡಿಗೆ ಒಂದು ಗೀರೂ ಬೀಳಲಿಲ್ಲ, ಮಣಿಕಟ್ಟು ಮುರಿಯಿತು. ಮದುವೆ ಸೀಸನ್ನು, ಅಡ್ವಾನ್ಸ್ ತೆಗೆದುಕೊಂಡಾಗಿದೆ, ಆವುಲಪ್ಪ ತಲೆಯ ಮೇಲೆ ಕೈಹೊತ್ತು ಕೂತ. ಕೆಂಚಾರ್ಲಹಳ್ಳಿಯಲ್ಲಿ ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿಕೊಂಡು, ಬಿಡುವಿದ್ದಾಗ ಗಿಟಾರ್ ಗೀರುತ್ತ ಇದ್ದ ವೆಂಕಟರಾಯಪ್ಪನ ಮಗ ಜಗನ್ನನ್ನು ಕರೆಸೋಣ ಅಂದವನು ನಾನು. ಎಲ್ಲಿಂದಲೋ ಒಂದು ಬೇಸ್ ಗಿಟಾರು ಹೊಂದಿಸಿದೆವು. "ನನ್ನ ಕೈ ನೆಟ್ಟಗಾಗೋ ತನಕ ನನ್ನ ಎಡಗೈ ನೀನೇ ಕಣೋ" ಅಂತ ಹೇಳಿದೆ. ನೀನು ನಮ್ಮ ಪ್ರೋಗ್ರಾಮಿನ ಕ್ಯಾಸೆಟ್ಟುಗಳನ್ನು ಮನೆಗೆ ಒಯ್ದು, ನನ್ನ ಎಡಗೈ ಏನು ನುಡಿಸಿದೆಯೋ ಅದನ್ನು ಚಾಚೂ ತಪ್ಪದೆ ಕಲಿತು ಬಂದೆ.

ಎಷ್ಟು ಚಾಚೂ ತಪ್ಪದೆ ಅಂದರೆ, ಮೊದಲ ಪ್ರಾಕ್ಟೀಸಿನಲ್ಲಿ ಪಲ್ಲವಿಗೆ ಬರುವ ಮುಂಚೆ ನೀನು ಕೈ ನಿಲ್ಲಿಸಿದೆ. ಖಾಲಿ. ಆಮೇಲೆ ತಡವಾಗಿ ದಬ್. ನಾನು, "ಅಲ್ಲಿ ಯಾಕೋ ಬಿಟ್ಟೆ?" ಅಂದೆ. "ನೀನು ಬಿಡ್ತೀಯಲ್ಲ ಬಾಬಣ್ಣ, ಅದಕ್ಕೇ ಬಿಟ್ಟೆ" ಅಂದೆ ನೀನು. ಆವುಲಪ್ಪ ಬಿದ್ದು ಬಿದ್ದು ನಕ್ಕ. "ಅದು ಬಟನ್ ಒತ್ತಕ್ಕೆ ಕಣೋ, ನಿನಗೆಲ್ಲಿದೆ ಬಟನ್ನು?" ಅಂತ ನಾನು ಹೇಳಿದೆ. ನೀನೂ ನಕ್ಕು, "ಇರ್ಲಿ ಬಿಡಣ್ಣ, ಚೆನ್ನಾಗೈತೆ" ಅಂದೆ.

ಕೈ ನೆಟ್ಟಗಾಯಿತು. ಅಷ್ಟು ಹೊತ್ತಿಗೆ ಆವುಲಪ್ಪನಿಗೆ ಬೇಸ್ ಗಿಟಾರಿನ ರುಚಿ ಹತ್ತಿತ್ತು. "ಬಾಬು, ಎಡಗೈಗೆ ರೆಸ್ಟ್ ಕೊಡು, ಹುಡುಗ ನುಡಿಸ್ಲಿ" ಅಂದ. ಕೊಟ್ಟೆ. ಇವತ್ತಿಗೂ ರೆಸ್ಟಿನಲ್ಲೇ ಇದೆ. ನೀನು ಬೆಂಗಳೂರಿಗೆ ಹೋದಮೇಲೆ ಮತ್ತೆ ನುಡಿಸಲು ಹೋದೆ, ಬೆರಳು ಮೊದಲಿನಂತೆ ಅಗಲಕ್ಕೆ ಹೋಗಲಿಲ್ಲ. ಈಗ ಬರುವ ಕೀಬೋರ್ಡಿನಲ್ಲಿ ಬೇಸು ತಾನೇ ನುಡಿದುಕೊಳ್ಳುತ್ತದೆ, ಎಡಗೈಗೆ ಬಟನ್ ಒತ್ತುವುದೊಂದೇ ಕೆಲಸ.

ಕರೆಂಟು ಹೋಯಿತು. ಹಿಟ್ಟಿನ ಗಿರಣಿಯ ಮೇಲಿನ ನನ್ನ ಕೀಬೋರ್ಡ್ ಕ್ಲಾಸ್ ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ. ಮಕ್ಕಳು ಬರುವ ಹೊತ್ತು. ಮಿಕ್ಕದ್ದು ಆಮೇಲೆ.

ಶನಿವಾರ

ಯಾಮಿನಿ ನಿನ್ನ ಹತ್ತಿರ ಬಂದಿದ್ದಾಳೆ. ಮನೆ ನಿಶ್ಶಬ್ದವಾಗಿದೆ, ಮತ್ತೆ ಬರೆಯಲು ಕೂತೆ.

ಶಿಡ್ಲಘಟ್ಟದ ಒಂದು ಸ್ಕೂಲಿನಲ್ಲಿ ವಾರಕ್ಕೊಮ್ಮೆ ಸಂಗೀತ ಹೇಳಿಕೊಡುತ್ತೇನೆ. ನಿನ್ನೆ ಅಲ್ಲಿಂದ ಬರುವಾಗ ಬೈಕನ್ನು ಕೆಂಚಾರ್ಲಹಳ್ಳಿ ಕಡೆ ತಿರುಗಿಸಿ ನಿಮ್ಮಮ್ಮನನ್ನು ನೋಡಿಕೊಂಡು ಬಂದೆ. ನಿಮ್ಮ ಮನೆಯಲ್ಲಿ ರೇಷ್ಮೆ ಹುಳ ಹಣ್ಣಾಗಿ ಗೂಡು ಕಟ್ಟಲು ಬಂದಿದ್ದವು. ನಿಮ್ಮಣ್ಣ, ಅತ್ತಿಗೆ ಎಲ್ಲರೂ ಸೇರಿ ಅವನ್ನು ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದರು, ಕಾಲಿಡಲು ಜಾಗವಿಲ್ಲ. ನಿಮ್ಮಮ್ಮ ವರಲಕ್ಷ್ಮಮ್ಮನವರ ಕೈ ಹುಳ ಆರಿಸುತ್ತಲೇ ಇತ್ತು, ಬಾಯಿ ಮಾತ್ರ ನಿನ್ನ ಮೇಲೆ. "ಏಮಿ ಬಾಬೂ, ಮಾ ಜಗ್ಗುಡು ಟೀವೀಲೋ ಒಚ್ಚಾಡು, ಚೂಸಿನಾವಾ?" ಅಂತ ತೆಲುಗಿನಲ್ಲಿ ಶುರು ಮಾಡಿದರು. ಜಗ್ಗ ಟೀವಿಯಲ್ಲಿ ಬಂದದ್ದು ನೋಡಿದೆ ಅಂದೆ. "ಅದೇನು ಬಾಬು, ಹಾಡೂ ಹೇಳಲ್ಲ, ರಾಗಾನೂ ಬಾರಿಸಲ್ಲ, ಬರೀ ಡುಮ್ ಡುಮ್ ಅಂತಾನೆ. ಅದಕ್ಕೆ ಜನ ಅಷ್ಟು ಚಪ್ಪಾಳೆ ಹೊಡೀತಾರಲ್ಲ?" ಅಂತ ಕೇಳಿದರು. ನನಗೆ ಒಳಗೇ ಒಂದು ಖುಷಿ ಆಯಿತು, ಸುಳ್ಳು ಯಾಕೆ ಹೇಳಲಿ. ಆದರೂ ದೊಡ್ಡವನ ಹಾಗೆ, "ಮನೆಗೆ ಪಾಯ ಇದ್ದಂಗೆ ಕಣಮ್ಮ. ಕಾಣಲ್ಲ, ಆದ್ರೆ ಅದಿಲ್ದೆ ಗೋಡೆ ನಿಲ್ಲಲ್ಲ" ಅಂತ ಹೇಳಿದೆ. ಅವರು ನನ್ನ ಮುಖ ನೋಡಿ, "ನೀನೂ ಅದೇ ಬಾರಿಸ್ತಿದ್ದೆಯಲ್ಲ ಮೊದ್ಲು. ನಿನಗ್ಯಾಕೆ ಟೀವಿಯೋರು ಬರ್ಲಿಲ್ಲ?" ಅಂದರು. ಕೊಟ್ಟ ಕಾಫಿ ಕುಡಿದು ಎದ್ದು ಬಂದೆ.

ನಿನ್ನ ಆ ಟೀವಿ ಸಂದರ್ಶನದ ಮಾತು ಬಂತು ನೋಡು. ಪೂರ್ತಿ ನೋಡಿದ್ದೇನೆ. ಯಾಮಿನಿ ಟೀವಿಗೇ ಹಾಕಿ ತೋರಿಸಿದಳು. ನಾದಸ್ವರದವರ ಜೊತೆ ನುಡಿಸಿದೆ, ಜಪಾನಿನ ಡ್ರಮ್ಮಿನವನ ಜೊತೆ ನುಡಿಸಿದೆ, ಸಿನಿಮಾಕ್ಕೆ ನುಡಿಸಿದೆ, ಜಾಝನ್ನೂ ನಮ್ಮ ರಾಗವನ್ನೂ ಒಟ್ಟಿಗೆ ಕಟ್ಟಿದೆ, ಅದರ ಮೇಲೆ ಸ್ಕೂಲು, ಎಲ್ಲ ಚೆನ್ನಾಗಿ ಹೇಳಿದೆ. ಕೂದಲನ್ನು ಹಾಗೆ ಹಿಂದಕ್ಕೆ ಕಟ್ಟುವುದು ಮಾತ್ರ ನಿನ್ನ ವಯಸ್ಸಿಗೆ ಒಪ್ಪುವುದಿಲ್ಲ, ಹಿರಿಯನಾಗಿ ಹೇಳುತ್ತಿದ್ದೇನೆ. ಸಂದರ್ಶನ ಮಾಡಿದ ಹುಡುಗಿ ಕೇಳಿದಳಲ್ಲ, "ನಿಮ್ಮ ನುಡಿಸಾಣಿಕೆಯಲ್ಲಿ ಒಂದು ಖಾಲಿ ಜಾಗ ಬರತ್ತೆ, ಆಮೇಲೆ ತಡವಾಗಿ ಒಂದು ಸ್ವರ ಬೀಳತ್ತೆ, ಅದು ನಿಮ್ಮ ಗುರುತೇ ಆಗಿಹೋಗಿದೆ, ಅದು ಎಲ್ಲಿಂದ ಬಂತು?" ಅಂತ. ನೀನು ಕಣ್ಣು ಮುಚ್ಚಿಕೊಂಡು, "ನಮ್ಮೂರ ಕಡೆ ಕಲ್ಲಿನ ಬೆಟ್ಟಗಳಿವೆ. ಎರಡು ಬೆಟ್ಟದ ನಡುವೆ ಒಂದು ಮೌನ ಇರತ್ತೆ. ಅದು ಅಲ್ಲಿಂದ ಬಂತು" ಅಂದೆ. ಒಳ್ಳೆಯ ಉತ್ತರ. ಶ್ಯಾಮಲಳಿಗೂ ಹಿಡಿಸಿತು.

ಆಮೇಲೆ ಹೋದ ತಿಂಗಳು ನಿನ್ನ ಕಛೇರಿ. ಪಾಸು ಕಳಿಸಿದ್ದೆ, ಮುಂದಿನ ಸಾಲಿನಲ್ಲೇ ಕೂರಿಸಿದ್ದೆ, ಅದರಲ್ಲಿ ತಪ್ಪು ಹುಡುಕುವ ಹಾಗಿಲ್ಲ. ನೀನು ನುಡಿಸುವಾಗ ನನ್ನ ಮೈ ಜುಮ್ಮೆಂದಿತು. ನಿಜ ಹೇಳುತ್ತಿದ್ದೇನೆ, ಪಕ್ಕದಲ್ಲಿ ಕೂತಿದ್ದ ಶ್ಯಾಮಲಳನ್ನು ಕೇಳು. ನನ್ನ ಎಡಗೈ ನೆಟ್ಟಗಿದ್ದರೂ ನಾನು ಅಲ್ಲಿ ತನಕ ಹೋಗುತ್ತಿರಲಿಲ್ಲ ಅನ್ನುವುದು ನನಗೆ ಅವತ್ತು ಗೊತ್ತಾಯಿತು. ಅದು ಗೊತ್ತಾದ ಮೇಲೆ ಹೊಟ್ಟೆಕಿಚ್ಚು ಕಡಿಮೆಯಾಗಬೇಕಿತ್ತು, ಆಗಲಿಲ್ಲ, ಜಾಸ್ತಿಯಾಯಿತು. ಹೌದು ಕಣೋ, ಹೊಟ್ಟೆಕಿಚ್ಚೇ. ಬೇರೆ ಹೆಸರು ಹುಡುಕುವ ವಯಸ್ಸಲ್ಲ ನನ್ನದು.

ಮುಗಿದ ಮೇಲೆ ನೀನು ಇಳಿದು ಬಂದು ಎಲ್ಲರೆದುರಿಗೂ ನನ್ನ ಕಾಲು ಮುಟ್ಟಿದೆ. ಕಣ್ಣಲ್ಲಿ ನೀರು ಬಂತು. ಸುತ್ತ ಇದ್ದ ದೊಡ್ಡ ದೊಡ್ಡವರು ಯಾರಿವರು ಅನ್ನುವ ಹಾಗೆ ನೋಡಿದರು. ನೀನು ನನ್ನ ಭುಜದ ಮೇಲೆ ಕೈಹಾಕಿ ಹೇಳಿದೆ: "ಇವರು ನಮ್ಮೂರೋರು. ನಮ್ಮ ಯಾಮಿನಿ ಇದಾಳಲ್ಲ, ಅವಳ ತಂದೆ." ಅವರೆಲ್ಲ ಯಾಮಿನಿಯ ತಂದೆಗೆ ಕೈಮುಗಿದರು. ಒಬ್ಬರು, "ನೀವು ಏನ್ಮಾಡ್ಕೊಂಡಿದೀರಿ ಸಾರ್?" ಅಂತ ಕೇಳಿದರು. ನೀನು ಅಷ್ಟರಲ್ಲಿ ಬೇರೆಯವರ ಜೊತೆ ಫೋಟೋಗೆ ನಿಂತಿದ್ದೆ. ನಾನು, "ಏನಿಲ್ಲ, ಸ್ವಲ್ಪ ಜಮೀನಿದೆ" ಅಂದುಬಿಟ್ಟೆ.

ಅವತ್ತು ಬಸ್ಸಿನಲ್ಲಿ ಬರುತ್ತ ತೀರ್ಮಾನ ಮಾಡಿದ್ದೆ, ಹುಡುಗಿಯನ್ನು ಕಳಿಸುವುದಿಲ್ಲ ಅಂತ. ಮನೆಯಲ್ಲಿ ಹೇಳಿಯೂ ಬಿಟ್ಟೆ. ಡಿಗ್ರಿ ಇಲ್ಲೇ ಮಾಡಲಿ, ಗಿಟಾರಿಗೆ ಶನಿವಾರದ ಕ್ಲಾಸೇ ಸಾಕು. ಶ್ಯಾಮಲ ಪಾತ್ರೆ ತೊಳೆಯುತ್ತಿದ್ದವಳು ಕೈ ಒರೆಸಿಕೊಂಡು ಬಂದಳು. "ನೋಡಿ, ಹೊಟ್ಟೆ ಉರೀತಿರೋದು ನಿಮಗೆ. ನೀವು ಬೇಕಾದ್ರೆ ಮಜ್ಜಿಗೆ ಕುಡೀರಿ. ಅವಳ ದಾರಿಗ್ಯಾಕೆ ಅಡ್ಡ ಮಲಗ್ತೀರ?" ಅಂದಳು. ನಾನು ರೇಗಿದೆ. ಜೋರು ಮಾಡಿದೆ. ನನ್ನ ಮಗಳು, ನನ್ನ ಇಷ್ಟ ಅಂದೆ. ಯಾಮಿನಿ ಜಗಳ ಆಡುತ್ತಾಳೆ, ಅಳುತ್ತಾಳೆ ಅಂದುಕೊಂಡಿದ್ದೆ. "ನೀವು ಬೇಡ ಅಂದ್ರೆ ಹೋಗಲ್ಲ ಅಪ್ಪ" ಅಂದಳು, ಅಷ್ಟೇ.

ಆಮೇಲಿಂದ ಅವಳು ಆಂಪ್ಲಿಫೈಯರಿಗೆ ವೈರು ಸಿಕ್ಕಿಸುವುದನ್ನು ಬಿಟ್ಟಳು. ನನ್ನ ಕಿವಿಗೆ ಬೀಳಬಾರದು ಅಂತ ಬರೀ ತಂತಿಯ ಮೇಲೆ ನುಡಿಸುತ್ತಾಳೆ. ಬೇಸ್ ಗಿಟಾರಿಗೆ ಕರೆಂಟಿಲ್ಲದಿದ್ದರೆ ಏನು ಕೇಳುತ್ತದೆ ಹೇಳು. ಬಾಗಿಲ ಹತ್ತಿರ ಹೋಗಿ ನಿಂತರೆ ಗೋಡೆಯ ಆಚೆ ಯಾರೋ ನಡೆದಾಡುವಷ್ಟು ಸದ್ದು. ನಾನು ದಿನಾ ಹೋಗಿ ನಿಲ್ಲುತ್ತಿದ್ದೆ. ಮೊನ್ನೆ ಬುಧವಾರವೂ ನಿಂತೆ. ಎಷ್ಟು ಚೆನ್ನಾಗಿ ನುಡಿಸುತ್ತಾಳೆ ಗೊತ್ತಾ ಜಗನ್. ನನ್ನ ಮಗಳು ಅಂತ ಹೇಳುತ್ತಿಲ್ಲ. ಇಷ್ಟು ಚೆನ್ನಾಗಿ ನುಡಿಸುವ ಹುಡುಗಿಯನ್ನು ತಂದೆಗೆ ಕೇಳಿಸದ ಹಾಗೆ ನುಡಿಸುವಂತೆ ಮಾಡಿಬಿಟ್ಟೆನಲ್ಲ ಅಂತ ಸಂಕಟವಾಯಿತು. ಒಳಗೆ ಹೋಗಿ ನಾನೇ ವೈರು ಸಿಕ್ಕಿಸಿ, "ಜೋರಾಗಿ ನುಡಿಸಮ್ಮ" ಅಂದೆ.

ಆದ್ದರಿಂದ ಕಳಿಸುತ್ತೇನೆ. ವಿಜಯದಶಮಿಯ ಬೆಳಿಗ್ಗೆ ನಾನೇ ಕರೆದುಕೊಂಡು ಬಂದು ಬಿಡುತ್ತೇನೆ. ಅವಳಿಗೆ ಇನ್ನೂ ಹೇಳಿಲ್ಲ. ನಿನ್ನ ಬಾಯಿಂದ ಮೊದಲು ಗೊತ್ತಾಗಬಾರದು, ಇದೊಂದು ಸುದ್ದಿಯಾದರೂ ನನ್ನ ಬಾಯಿಂದ ಬರಲಿ. ಆಯಿತಾ? ಅವಳಿಗೆ ರಾತ್ರಿ ಅನ್ನವೋ ಮುದ್ದೆಯೋ ಹೊಟ್ಟೆತುಂಬ ಹಾಕಿಸು. ಧೂಳಿಗೆ ಸೀನು ಬರುತ್ತದೆ, ಹಾಸ್ಟೆಲ್ ರೂಮು ಗುಡಿಸಿರಲಿ. ತಪ್ಪು ನುಡಿಸಿದರೆ ಬೈ, ಆದರೆ ಎಲ್ಲರ ಮುಂದೆ ಬೈಯಬೇಡ, ಅದನ್ನು ಅವಳು ತಡೆದುಕೊಳ್ಳುವುದಿಲ್ಲ. ಯುಗಾದಿಗೆ ಮನೆಗೆ ಕಳಿಸು. ಆಗ ನೀನೂ ಬಾ, ಶ್ಯಾಮಲ ಒಬ್ಬಟ್ಟು ಮಾಡುತ್ತಾಳೆ. ಆರ್ಕೆಸ್ಟ್ರಾ ಜಗ್ಗನಾಗಿ ಬಾ.

ನಿನ್ನ ಕೈ, ನಿನ್ನ ಬೆರಳು ಚೆನ್ನಾಗಿರಲಿ. ನಿನ್ನ ಸ್ಕೂಲು ಬೆಳೆಯಲಿ, ಇನ್ನೂ ಹತ್ತು ದೇಶ ಸುತ್ತು. ಇದನ್ನು ಹೊಟ್ಟೆಕಿಚ್ಚಿನ ಜೊತೆಗೇ ಹೇಳುತ್ತಿದ್ದೇನೆ, ಆದರೂ ಮನಸ್ಸಾರೆ ಹೇಳುತ್ತಿದ್ದೇನೆ.

ಇಂತಿ ನಿನ್ನ
ಬಾಬಣ್ಣ
(ರಮೇಶ್‌ಬಾಬು, ಕೀಬೋರ್ಡ್)

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದು ಅಂತ ಅಂದುಕೊಂಡಿದ್ದೆ. ಕವರಿಗೆ ಅಂಟು ಹಚ್ಚುವ ಮುಂಚೆ ಬರೆಯುತ್ತಿದ್ದೇನೆ.

ಬುಧವಾರ ವೈರು ಸಿಕ್ಕಿಸಿದ ಮೇಲೆ ನಾನು ಅಲ್ಲೇ ಬಟ್ಟೆ ಹೊದೆಸಿದ ಕೀಬೋರ್ಡಿನ ಮುಂದೆ ಕೂತೆ. ಅವಳು ನುಡಿಸಿದಳು. ಪಲ್ಲವಿಗೆ ಬರುವ ಮುಂಚೆ ಕೈ ನಿಲ್ಲಿಸಿದಳು. ಖಾಲಿ ಬಿಟ್ಟಳು. ಎಷ್ಟು ಬಿಡಬೇಕೋ ಅಷ್ಟೇ. ಅಷ್ಟು ಹೊತ್ತಿನಲ್ಲಿ ನನ್ನ ಎಡಗೈ ನನ್ನನ್ನು ಕೇಳದೆ ತಾನಾಗಿಯೇ ಮೇಲೆದ್ದು, ಆ ಬಟ್ಟೆಯ ಮೇಲೆ ಬಟನ್ ಇರುವ ಜಾಗವನ್ನು ಒತ್ತಿ ಬಂತು. ನಾನು ಕೈ ಇಳಿಸುವುದಕ್ಕೂ ಅವಳ ಸ್ವರ ಬೀಳುವುದಕ್ಕೂ ಸರಿಹೋಯಿತು.

"ಅಲ್ಲಿ ಯಾಕಮ್ಮ ಬಿಟ್ಟೆ?" ಅಂತ ಕೇಳಿದೆ. ಅದೇ ಮಾತು, ನಿನ್ನನ್ನು ಕೇಳಿದ್ದೆನಲ್ಲ.

"ಅದು ಜಗನ್ ಸಾರ್ ಸ್ಟೈಲ್ ಅಪ್ಪ. ಕೀಬೋರ್ಡಿನೋರಿಗೆ ಅದು ಗೊತ್ತಾಗಲ್ಲ ಬಿಡಿ" ಅಂದಳು. ಬೇಜಾರು ಮಾಡಬೇಕು ಅಂತ ಹೇಳಿದ್ದಲ್ಲ, ಪ್ರೀತಿಯಿಂದಲೇ ಹೇಳಿದಳು.

ಬಾಯಿ ತುದಿಗೆ ಬಂದದ್ದನ್ನು ನುಂಗಿಕೊಂಡೆ. ನಾನು ಹೇಳಿದರೆ ಅಪ್ಪನಿಗೆ ಹೊಟ್ಟೆಕಿಚ್ಚು ಅನ್ನುತ್ತಾಳೆ, ಅದು ನಿಜವೂ ಹೌದು. ಟೀವಿಯವರಿಗೆ ನೀನು ಬೆಟ್ಟ ಅಂತಲೇ ಹೇಳಿಕೋ, ನನ್ನ ತಕರಾರಿಲ್ಲ. ಆದರೆ ಒಂದು ದಿನ ಕ್ಲಾಸಿನಲ್ಲಿ ಅವಳು ಆ ಜಾಗ ಬಿಟ್ಟಾಗ, ಅಲ್ಲಿ ಒಂದು ಬಟನ್ ಇತ್ತು ಅಂತ ಹೇಳು ಜಗನ್. ಅದನ್ನು ಯಾರ ಕೈ ಒತ್ತುತ್ತಿತ್ತು ಅಂತಲೂ ಹೇಳು.